ಮಗ ಆಡದ ಮಾತು

ಜುಲೈ 9, 2024. ಮಂಗಳವಾರ

ಬೀಗ ತೆಗೆದರೆ ರೂಮಿನಲ್ಲಿ ಮತ್ತೆ ಮುರಿದ ವೀಲ್‌ಚೇರುಗಳು. ಕೌನ್ಸೆಲಿಂಗ್ ರೂಮ್ ಎಂದರೆ ಈ ಜಿಲ್ಲಾ ಆಸ್ಪತ್ರೆಯವರ ಪಾಲಿಗೆ ಗೋಡೌನ್. ಜಗಳವಾಡಿ ತೆಗೆಸಿದೆ. ಫ್ಲಾಸ್ಕಿಗೆ ಬಿಸಿನೀರು ತುಂಬಿಸಿ ಇನ್ನೂ ಕೂತಿರಲಿಲ್ಲ — ಕ್ಯಾಶುಯಲ್ಟಿಯಿಂದ ಶಾಂತಮಲ್ಲಮ್ಮ ಸಿಸ್ಟರ್ ಫೋನು.

“ತೇಜಸ್ವಿನಿ, ಬಾ ಒಂದ್ನಿಮಿಷ. ಗುಂಡ್ಲುಪೇಟೆಯಿಂದ ಒಬ್ಬರನ್ನ ಕಳಿಸಿದ್ದಾರೆ. ಹಸ ತಿವಿದು ಕೈ ಮುರಿದಿದೆ ಅಂತಾರೆ. ಯಾಕೋ ನಂಗೆ ಸರಿ ಕಾಣ್ತಿಲ್ಲ.”

ಹೋದೆ. ಪುಟ್ಟಸಿದ್ದಮ್ಮ. ಅರವತ್ತರ ಹತ್ತಿರ. ಗಂಡ ತೀರಿಕೊಂಡು ಎಷ್ಟೋ ವರ್ಷ. ಹಂಗಳದ ಆಚೆ, ಕಾಡಂಚಿನ ಊರು. ಎಡಗೈ ಮಣಿಕಟ್ಟು ಊದಿ ಕಪ್ಪಾಗಿದೆ. ಜೊತೆಯಲ್ಲಿ ಸೊಸೆ ರಮ್ಯ, ಚಿಕ್ಕ ವಯಸ್ಸು. ಅತ್ತೆಯ ಸೀರೆಯ ಮೇಲೆ ತನ್ನ ವೇಲು ಹೊದಿಸಿದ್ದಾಳೆ, ಕತ್ತಿನಿಂದ ಮೊಣಕಾಲಿನ ತನಕ. ಹಸು ತಿವಿದವರನ್ನು ಯಾರೂ ಹಾಗೆ ಹೊದಿಸುವುದಿಲ್ಲ.

ಪರದೆ ಎಳೆದು ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ. ಅವರೇ ಕೇಳಿದರು —

“ಇಲ್ಲೆಲ್ಲಾರ ನೀರ್ಮನ ಅದಾ ಮಗ? ಒಂದ್ ಚೊಂಬು ನೀರ್ ಉಯ್ಕಬೇಕು.”

ಅಲ್ಲಿಗೆ ಗೊತ್ತಾಯಿತು. ಈ ಕೆಲಸದಲ್ಲಿ ನನಗೆ ಅತಿ ಕಷ್ಟದ ಮಾತು ಅದೇ — ಈಗಲೇ ಸ್ನಾನ ಬೇಡ ಅವ್ವ, ಸ್ವಲ್ಪ ತಡೆದುಕೊಳ್ಳಿ. ಯಾಕೆ ಎಂದೂ ಹೇಳಬೇಕು — ಮೈಮೇಲಿನ ಸಾಕ್ಷ್ಯ ತೊಳೆದುಹೋಗುತ್ತದೆ. ಹೇಳಿದೆ. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಸಂಜೆ

ಕೈಗೆ ಪಟ್ಟಿ ಹಾಕಿಸಿ ರೂಮಿಗೆ ಕರೆತಂದೆ. ಟೀ ಕುಡಿದರು. ಹೇಳಿದರು.

ಸುನೀಲ್ ಕುಮಾರ್. ಅದೇ ಊರಿನವನು, ಮೂವತ್ತು ದಾಟಿಲ್ಲ. ಚೆಂಡುಹೂವಿನ ಹೊಲಗಳನ್ನು ಗುತ್ತಿಗೆಗೆ ಹಿಡಿದಿದ್ದಾನೆ. ಇವರ ಮಗ ಮಾದೇಶ ಅವನ ಟ್ರ್ಯಾಕ್ಟರ್ ಓಡಿಸುತ್ತಾನೆ. ಹೂ ಕೀಳಲು ಇವರು ಇವತ್ತು ಉಳಿದ ಹೆಂಗಸರಿಗಿಂತ ಮೊದಲೇ ಹೊಲಕ್ಕೆ ಹೋಗಿದ್ದರಂತೆ. ಬಿಸಿಲೇರುವ ಮುಂಚೆ ಒಂದು ಸಾಲು ಮುಗಿಸೋಣವೆಂದು.

“ದೊಡ್ಡವ್ವ ದೊಡ್ಡವ್ವ ಅಂತಿದ್ದ ಕಣವ್ವ. ಚಿಕ್ಕುಡ್ಗ ಆಗಿದ್ದಾಗ ನಮ್ಮನೇಲೇ ಉಂಡ್ಕಂಡು ಬೆಳ್ದಂವ. ಬ್ಯಾಡ ಕಣಪ್ಪ, ನಾನು ನಿನ್ನ ದೊಡ್ಡವ್ವ ಕಣಪ್ಪ ಅಂದಿ. ಅಂದ್ರೂವ...”

ಅಷ್ಟೇ. ಅದರ ಮುಂದೆ ಬರೆಯುವುದಿಲ್ಲ ಇಲ್ಲಿ.

ಪರೀಕ್ಷೆ ಹೇಗೆ ಮಾಡುತ್ತಾರೆ, ಯಾಕೆ, ಯಾರು, ಎಲ್ಲ ಒಂದೊಂದಾಗಿ ಹೇಳಿದೆ. ಡಾಕ್ಟರ್ ಹೆಂಗಸೇ. ನಡುವೆ ಬೇಡ ಅನ್ನಿಸಿದರೆ ಬೇಡ ಅನ್ನಿ, ಅಲ್ಲಿಗೇ ನಿಲ್ಲಿಸುತ್ತಾರೆ ಎಂದೆ. ನನ್ನನ್ನೇ ನೋಡಿದರು.

“ಬ್ಯಾಡ ಅಂದ್ರ ನಿಲ್ಲುಸ್ತರ?”

“ನಿಲ್ಲಿಸ್ತಾರೆ ಅವ್ವ.”

ಎರಡು ಸಲ ಬೇಡ ಅಂದರು, ಎರಡು ಸಲವೂ ಡಾಕ್ಟರ್ ನಿಲ್ಲಿಸಿದರು. ಮುಗಿಯುವ ತನಕ ಪುಟ್ಟಸಿದ್ದಮ್ಮ ನನ್ನ ಕೈ ಹಿಡಿದಿದ್ದರು. ಈಗಲೂ ಬೆರಳು ನೋಯುತ್ತಿದೆ.

ಜುಲೈ 10, ಬುಧವಾರ

ಮಗ ಬಂದ. ಎತ್ತರದ ಆಳು, ಕಣ್ಣು ಕೆಂಪಾಗಿದ್ದವು. ಅಮ್ಮನ ವಾರ್ಡಿಗೆ ಹೋಗಲಿಲ್ಲ. ಸೀದಾ ನನ್ನ ರೂಮಿಗೆ.

“ಮೇಡಂ, ಹಸ ತಿವ್ದುದ್ದು. ಹಂಗೇ ಬರ್ಕಳಿ.”

“ನಿಮ್ಮ ತಾಯಿ ಬೇರೆ ಹೇಳಿದ್ದಾರಲ್ಲ ಮಾದೇಶ.”

“ನಮ್ಮವ್ವಂಗ ಏನ್ ಗೊತ್ತಾದ್ದು? ನಾನು ಊರಲ್ಲಿ ಓಡಾಡ್ಬ್ಯಾಡ್ವಾ? ಸಣ್ಣೆಂಗಸಾದ್ರ ಜನ ಅಯ್ಯೋ ಅಂತರ. ಇದ ಕೇಳುದ್ರ ನಗ್ತರ ಮೇಡಂ. ಟೀ ಅಂಗ್ಡೀಲಿ ಕೂತ್ಕಂಡು ನಗ್ತರ.”

ಹೇಳುತ್ತ ಹೇಳುತ್ತ ಅತ್ತ. ನಟನೆಯಲ್ಲ. ಗೋಡೆಗೆ ಹಣೆ ಒತ್ತಿ ಅತ್ತ. ನೀರು ಕೊಟ್ಟೆ, ಕುಡಿಯಲಿಲ್ಲ. ನಗುವವರು ತಪ್ಪಿತಸ್ಥರು, ನಿಮ್ಮ ತಾಯಿಯಲ್ಲ ಎಂದೆ. ಅವನ ಕಿವಿಗೆ ಹೋಗಲೇ ಇಲ್ಲ.

ಆಸ್ಪತ್ರೆಯಿಂದ ಸುದ್ದಿ ಹೋಗಿ ಪೊಲೀಸರು ಬಂದರು. ಮಗನನ್ನು ಹೊರಗೆ ಕಳಿಸಿ ಎಂದು ಹಟ ಹಿಡಿದೆ, ಕಳಿಸಿದರು. ಆದರೂ ಬಾಗಿಲ ಗಾಜಿನಲ್ಲಿ ಅವನ ನೆರಳು. ಪುಟ್ಟಸಿದ್ದಮ್ಮ ಆ ನೆರಳನ್ನೇ ನೋಡುತ್ತ ಹೇಳಿದರು. “ಕಂಪ್ಲೇಂಟು ಬ್ಯಾಡ ಸ್ವಾಮಿ. ನನ್ನ ಮನಗ ಕಳ್ಸಿ.”

ಡಾಕ್ಟರ್ ಮೇಡಂ ತೆಗೆದ ಸ್ಯಾಂಪಲ್‌ಗಳು ಸೀಲಾಗಿ ಇವೆ. ಸೋಂಕು ತಗುಲದಿರಲೆಂದು ಕೊಟ್ಟ ಮಾತ್ರೆಗಳನ್ನು ರಮ್ಯಳ ಕೈಗೆ ಕೊಟ್ಟು ಹೇಳಿದ್ದೇನೆ. ಒಂದು ದಿನವೂ ತಪ್ಪಬಾರದು.

ಮಧ್ಯಾಹ್ನ ಆಟೋ ಹತ್ತಿದರು. ಆಯ್ಕೆ ಅವರದು, ನಾವು ಒತ್ತಾಯಿಸುವ ಹಾಗಿಲ್ಲ. ತರಬೇತಿಯಲ್ಲಿ ಕಲಿತದ್ದು ಅದು, ನಾನೇ ಎಷ್ಟೋ ಜನಕ್ಕೆ ಕಲಿಸಿದ್ದೂ ಅದು. ಇವತ್ತು ಆಯ್ಕೆ ಮಾಡಿದವರು ಯಾರು?

ಜುಲೈ 13, ಶನಿವಾರ

ರಮ್ಯಳ ಮೊಬೈಲ್ ಸ್ವಿಚ್ಡ್ ಆಫ್. ನಿನ್ನೆಯೂ.

ಬೆಳಿಗ್ಗೆ ಮನೆಯಲ್ಲಿ ನನ್ನಮ್ಮ ಬೆನ್ನುಜ್ಜು ಬಾ ಎಂದು ಬಚ್ಚಲಿನಿಂದ ಕೂಗಿದಳು. ಅಮ್ಮನಿಗೂ ಪುಟ್ಟಸಿದ್ದಮ್ಮನದೇ ವಯಸ್ಸು. ಉಜ್ಜುತ್ತ ಉಜ್ಜುತ್ತ ಕೈ ನಿಂತುಬಿಟ್ಟಿತು.

“ಯಾಕಮ್ಮಿ?”

“ಏನಿಲ್ಲ, ಸೋಪು ಜಾರಿತು.”

ಅಮ್ಮ ತಲೆಗೆ ತಾನೇ ನೀರು ಹೊಯ್ದುಕೊಂಡಳು.

ಜುಲೈ 22, ಸೋಮವಾರ

ಕೊನೆಗೂ ರಮ್ಯ ಬೇರೆ ಯಾರದೋ ಫೋನಿನಿಂದ ಮಾಡಿದಳು. ಊರಿಗೆ ಬರಬೇಡಿ, ಹಂಗಳದ ಬಸ್‌ಸ್ಟಾಪಿಗೆ ಬನ್ನಿ ಎಂದಳು. ಹೋದೆ.

ಗುಂಡ್ಲುಪೇಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡುಹೂ, ಸೂರ್ಯಕಾಂತಿ. ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು. ಜನ ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟವರು. ಕಿಟಕಿಯಿಂದ ಮುಖ ಒಳಗೆ ತೆಗೆದುಕೊಂಡೆ.

ರಮ್ಯ ಸೊರಗಿದ್ದಾಳೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಮಾತಾಡಿದಳು.

“ಮಾತ್ರ ನುಂಗ್ತವ್ರ ಮೇಡಂ, ನಾನೇ ನುಂಗುಸ್ತೀನಿ. ಆದ್ರ ಒಲೆ ತಾವು ಬರಲ್ಲ. ನಾನು ಮುಟ್ಟುದ್ನ ನೀವು ಉಣ್ಬ್ಯಾಡಿ ಅಂತರ. ಕೊಟ್ಗೇಲಿ ಹಸೀನ ಪಕ್ಕ ಮಲಿಕತರ. ಇವ್ರು ಅವ್ವನ್ ಜೊತ ಮಾತಾಡಲ್ಲ. ಆವತ್ತಿಂದ ಒಂದ್ ಮಾತಿಲ್ಲ.”

“ಅವನು? ಸುನೀಲ?”

“ದಿನಾ ಬತ್ತನ. ಇವ್ರ ಕರ್ಕಂಡು ಹೋಗಕ. ಟ್ಯಾಕ್ಟ್ರು ಬಾಗ್ಲಲ್ಲೇ ನಿಲ್ಲುಸ್ತನ. ನಿಲ್ಲುಸ್ಬುಟ್ಟು ಕೂಗ್ತನ ಮೇಡಂ — ದೊಡ್ಡವ್ವ, ಕೈ ವಾಸಿ ಆಯ್ತಾ, ಅಂತವ.”

ಮಗು ಅವಳ ಸರ ಎಳೆಯುತ್ತಿತ್ತು. ಬಿಡಿಸಿಕೊಳ್ಳುವುದೂ ಅವಳಿಗೆ ನೆನಪಾಗಲಿಲ್ಲ.

“ಮಾದೇಶ ಏನಂತಾರೆ ಆಗ?”

“ತಲೆ ತಗ್ಗುಸ್ಕಂಡು ಹೋಗಿ ಟ್ಯಾಕ್ಟ್ರು ಹತ್ಕತರ.”

ವಾಪಸ್ ಬಸ್ಸಿನಲ್ಲಿ ಏನೂ ಯೋಚಿಸಲಾಗಲಿಲ್ಲ.

ಜುಲೈ 30, ಮಂಗಳವಾರ

ಪುಟ್ಟಸಿದ್ದಮ್ಮ ಬಂದಿದ್ದಾರೆ. ಒಬ್ಬರೇ! ಬಸ್ಸಿನಲ್ಲಿ, ಕೈಗೆ ಪಟ್ಟಿ ಕಟ್ಟಿಕೊಂಡೇ. ಮೂಳೆ ಡಾಕ್ಟರಿಗೆ ತೋರಿಸಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದರಂತೆ. ಕುರ್ಚಿಯಲ್ಲಿ ಕೂರಿ ಎಂದರೆ ನೆಲದ ಮೇಲೆ ಕೂತರು. ನಾನೂ ನೆಲದ ಮೇಲೆ ಕೂತೆ.

“ಬರ್ಸನ ಕಣವ್ವ ಕಂಪ್ಲೇಂಟ.”

ಕೇಳಬೇಕಾದ್ದನ್ನು ಕೇಳಿದೆ. ಮಗ ಒಪ್ಪದಿದ್ದರೆ? ಊರಿನಲ್ಲಿ ಕಷ್ಟ ಕೊಟ್ಟರೆ? ಕೋರ್ಟಿನಲ್ಲಿ ಮತ್ತೆ ಮತ್ತೆ ಹೇಳಬೇಕಾಗುತ್ತದೆ, ವರ್ಷಗಟ್ಟಲೆ ಹಿಡಿಯಬಹುದು. ಶಿಕ್ಷೆಯಾಗದೇ ಹೋಗಲೂಬಹುದು. ಒಂದನ್ನೂ ಮುಚ್ಚಿಡಲಿಲ್ಲ.

ಎಲ್ಲ ಕೇಳಿಸಿಕೊಂಡರು. ಆಮೇಲೆ ನಿಧಾನಕ್ಕೆ —

“ಶಿಕ್ಷೆ ಆಯ್ತದೋ ಬುಡ್ತದೋ ಶಿವ ಬಲ್ಲ. ಅಂವ ನನ್ನ ದೊಡ್ಡವ್ವ ಅಂತ ಕೂಗ್ತನಲ್ಲ, ಅದು ನಿಲ್ಬೇಕು. ದಿನಾ ಬೆಳಗಾದ್ರ ಕೂಗ್ತನ ಕಣವ್ವ. ಆವತ್ತಿಂದು ಒಂದ್ ದಿನದ್ದು. ಇದು ದಿನಾ.”

ಠಾಣೆಗೆ ಫೋನ್ ಮಾಡಿ ಗುರುವಾರ ಬರುತ್ತೇವೆ ಎಂದೆ.

ಆಗಸ್ಟ್ 1, ಗುರುವಾರ

ಠಾಣೆ. ಬೆಳಿಗ್ಗೆ ಹೋದವರು ಮಧ್ಯಾಹ್ನದ ತನಕ. ಹೇಳಿಕೆ ಬರೆದುಕೊಂಡ ಹೆಂಗಸು ಎಸ್‌ಐ ಒಳ್ಳೆಯವರು. ಬಾಗಿಲು ಹಾಕಿಸಿ, ಫೋನು ಬೋರಲಾಗಿ ಇಟ್ಟು ಕೇಳಿದರು. ಅವ್ವ ಎಂದೇ ಮಾತಾಡಿಸಿದರು. ಹೊರಗೆ ಬರುವಾಗ ಬೆಂಚಿನ ಮೇಲಿದ್ದ ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಯಾರೋ, ಯಾವ ಕೇಸಿಗೆ ಬಂದವರೋ. ಮಾದೇಶ ಹೇಳಿದ ನಗು. ಪುಟ್ಟಸಿದ್ದಮ್ಮನಿಗೂ ಕಂಡಿತು. ಸೆರಗು ಸರಿ ಮಾಡಿಕೊಂಡು ನೇರವಾಗಿ ನಡೆದರು, ಮೆಟ್ಟಿಲಲ್ಲಿ ಮಾತ್ರ ನನ್ನ ಭುಜ ಹಿಡಿದರು.

ಸಂಜೆಗೆ ಸುನೀಲನನ್ನು ಪೊಲೀಸರು ಕರೆದೊಯ್ದರು ಎಂದು ರಮ್ಯಳ ಮೆಸೇಜು.

ಆಗಸ್ಟ್ 11, ಭಾನುವಾರ

ಮಾದೇಶ ಮನೆ ಬಿಟ್ಟು ಹೋಗಿದ್ದಾನೆ. ಸುನೀಲನ ಅಣ್ಣ ಮಹದೇವಪ್ಪನ ಮನೆಯಲ್ಲೇ ಇದ್ದಾನಂತೆ, ಅವರ ಗಾಡಿಗಳನ್ನೇ ಓಡಿಸಿಕೊಂಡು. ಹೋಗುವಾಗ ಹೆಂಡತಿಯನ್ನು ಕರೆದನಂತೆ.

“ನೀನೂ ಬಾ ಅಂದ್ರು ಮೇಡಂ. ಅವ್ವನ್ನ ಬುಟ್ಟು ಬರಲ್ಲ ಅಂದಿ. ಹಂಗಾದ್ರ ನಿನ್ ದಾರಿ ನಿಂಗ ಅಂದ್ರು.”

ಹೇಳುವಾಗ ಅವಳ ದನಿ ಸ್ವಲ್ಪವೂ ನಡುಗಲಿಲ್ಲ. ಫೋನಿಟ್ಟ ಮೇಲೂ ನನಗೆ ಅದೇ ಯೋಚನೆ. ನಾನು ಹೋಗಿ ಒಂದು ಮನೆ ಒಡೆದೆನೇ? ಇಲ್ಲ. ಒಡೆದವನು ಜೈಲಿನಲ್ಲಿದ್ದಾನೆ. ಹಗಲು ಹೊತ್ತು ಇದನ್ನು ಸ್ಪಷ್ಟವಾಗಿ ಹೇಳಿಕೊಳ್ಳಬಲ್ಲೆ.

ಅಕ್ಟೋಬರ್ 11, ಶುಕ್ರವಾರ. ಆಯುಧಪೂಜೆ

ಇವತ್ತೇ ಪುಟ್ಟಸಿದ್ದಮ್ಮನ ಮೂರು ತಿಂಗಳ ರಕ್ತಪರೀಕ್ಷೆಯ ದಿನ, ಸೋಂಕು ಅಂಟಿದೆಯೇ ಎಂದು ನೋಡಲು. ಆಂಬುಲೆನ್ಸ್‌ಗಳಿಗೆಲ್ಲ ಹಾರ, ಮುಖ್ಯ ಬಾಗಿಲಿಗೆ ದಪ್ಪ ತೋರಣ, ಎಲ್ಲಾ ಚೆಂಡುಹೂ. ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಗೇಟಿನ ಹೊರಗೆ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಾರೆ, ಮೂಗಿಗೆ ಸೆರಗು ಒತ್ತಿಕೊಂಡು. ರಮ್ಯ ಪಕ್ಕದಲ್ಲಿ.

“ವಾಸ್ನ ಕಣವ್ವ. ಕಾಲೇ ಬರಲ್ಲ ಅಂತವ.”

ಹಿಂದಿನ ಗೇಟು, ಶವಾಗಾರದ ಪಕ್ಕದ್ದು. ಅಲ್ಲಿ ಹೂ ಕಟ್ಟಿರಲಿಲ್ಲ. ಅಲ್ಲಿಂದ ಕರೆತಂದೆ.

ರಿಪೋರ್ಟ್ ಎಲ್ಲ ನೆಗೆಟಿವ್. ಹೇಳಿದೆ. “ಹಂಗಂದ್ರ?” ಎಂದರು. ಕಾಯಿಲೆ ಏನೂ ಅಂಟಿಲ್ಲ, ನೀವು ಮುಟ್ಟಿದ್ದನ್ನು ಯಾರು ಬೇಕಾದರೂ ಉಣ್ಣಬಹುದು ಎಂದೆ. ಅದು ಮೊದಲಿನಿಂದಲೂ ಹಾಗೇ ಇತ್ತು, ನೂರು ಸಲ ಹೇಳಿದ್ದೆ. ಇವತ್ತು ನಂಬಿದ ಹಾಗೆ ಕಂಡರು. ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಒಂದನ್ನು ಸುಲಿದು ರಮ್ಯಳಿಗೆ ಕೊಟ್ಟರು. ರಮ್ಯ ಅಲ್ಲೇ ತಿಂದಳು. ಅಳುತ್ತ ತಿಂದಳು.

ನವೆಂಬರ್ 12, ಮಂಗಳವಾರ

ಸುನೀಲನಿಗೆ ಬೇಲ್ ಸಿಕ್ಕಿತು. ಊರಿಗೆ ಕಾಲಿಡಬಾರದೆಂದು ಷರತ್ತಿದೆ. ಊರಿನಲ್ಲಿ ಪಟಾಕಿ ಹೊಡೆದರಂತೆ. ದೀಪಾವಳಿಯದೇ ಉಳಿದಿತ್ತೇನೋ ಎಂದಳು ರಮ್ಯ. ಅವಳೇ ಅದನ್ನು ನಂಬುವುದಿಲ್ಲ.

ಹಸು ಮಾರಿದ್ದಾರೆ. ಅತ್ತೆ ಸೊಸೆ ಇಬ್ಬರೂ ಗುಂಡ್ಲುಪೇಟೆಯಲ್ಲಿ ಒಂದು ರೂಮ್ ಹಿಡಿದಿದ್ದಾರೆ. ರಮ್ಯ ಬೇಕರಿಯಲ್ಲಿ ಕೆಲಸಕ್ಕೆ ಸೇರಿದಳು. ಮಗುವನ್ನು ಅಜ್ಜಿ ನೋಡಿಕೊಳ್ಳುತ್ತಾರೆ.

ಮಾರ್ಚ್ 18, 2025. ಮಂಗಳವಾರ

ಕೋರ್ಟ್. ಬಾಗಿಲು ಮುಚ್ಚಿದ ವಿಚಾರಣೆ. ನನಗೆ ಅವರ ಹಿಂದೆ ಕೂರಲು ಅನುಮತಿ ಸಿಕ್ಕಿತು, ಮಾತಾಡುವ ಹಾಗಿಲ್ಲ. ಸುನೀಲ ಪರದೆಯ ಆಚೆ.

ಅವನ ವಕೀಲರು ದನಿ ಏರಿಸಲಿಲ್ಲ. ಮೆತ್ತಗೆ, ಅಮ್ಮ ಅಮ್ಮ ಎನ್ನುತ್ತಲೇ ಕೇಳಿದರು. ಅಮ್ಮ, ನೀವು ಕೂಗಿಕೊಂಡಿರಾ? ಅಮ್ಮ, ಮೊದಲ ದಿನ ಕಂಪ್ಲೇಂಟ್ ಬೇಡ ಎಂದವರು ನೀವೇ ಅಲ್ಲವೇ? ಅಮ್ಮ, ನಿಮ್ಮ ವಯಸ್ಸಿನ ಹೆಂಗಸನ್ನು ಮೂವತ್ತು ವರ್ಷದ ಹುಡುಗ ಯಾಕೆ...

ಜಡ್ಜ್ ತಡೆದರು. ಆದರೆ ಪುಟ್ಟಸಿದ್ದಮ್ಮ ಅದಕ್ಕೂ ಉತ್ತರ ಕೊಟ್ಟರು.

“ಅದ ಅವನ್ನೇ ಕೇಳಿ ಸ್ವಾಮಿ. ನಂಗ್ಯಾಂಗ ಗೊತ್ತಾದ್ದು? ನಾನೂ ಆವತ್ತಿಂದ ಅದ್ನೇ ಕೇಳ್ಕತಾ ಇವ್ನಿ.”

ಹೊರಗೆ ಬಂದು ಮರದ ಕೆಳಗೆ ಕೂತು ವಾಂತಿ ಮಾಡಿಕೊಂಡರು. ಬೆನ್ನು ಸವರಿದೆ. ಚೆನ್ನಾಗಿ ಹೇಳಿದಿರಿ ಎನ್ನಲು ಹೋಗಿ ಬಾಯಿ ಮುಚ್ಚಿಕೊಂಡೆ. ಇದರಲ್ಲಿ ಚೆನ್ನಾಗಿ ಎನ್ನುವುದೇನಿದೆ?

ಮಾರ್ಚ್ 20, ಗುರುವಾರ

ಮಾದೇಶನನ್ನು ಸರ್ಕಾರಿ ವಕೀಲರು ಸಾಕ್ಷಿಗೆ ಕರೆದಿದ್ದರು. ಹೊಸ ಶರ್ಟು ಹಾಕಿಕೊಂಡು ಬಂದಿದ್ದ. ಹೊರಗಿನ ಬೆಂಚಿನಲ್ಲಿ ಅವನ ತಾಯಿ. ಅವರನ್ನು ದಾಟಿಯೇ ಒಳಗೆ ಬರಬೇಕು. ದಾಟಿದ.

ನನಗೆ ಇವತ್ತೂ ಒಳಗೆ ಕೂರಲು ಬಿಟ್ಟಿದ್ದರು. ಅವನು ಹೇಳಿದ್ದು ನಾಲ್ಕೇ ಮಾತು. ಹಸ ತಿವಿಯಿತು. ನಾನೇ ಕಣ್ಣಾರೆ ನೋಡಿದೆ. ಅವ್ವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಸುನೀಲಣ್ಣ ಒಳ್ಳೆಯವನು.

ಅವನ ನಂತರ ರಮ್ಯ. ಗಂಡ ಇನ್ನೂ ಬಾಗಿಲ ಹತ್ತಿರವೇ ಇದ್ದ. ಅವನ ಕಡೆ ನೋಡಲಿಲ್ಲ. ಅತ್ತೆ ಹೊಲದಿಂದ ಹೇಗೆ ಬಂದರು, ಸೀರೆ ಹೇಗಿತ್ತು, ಏನಂದರು, ಗಂಡ ಏನೆಂದು ಹೇಳು ಅಂದ — ಒಂದೂ ಬಿಡದೆ ಹೇಳಿದಳು. ನಿನ್ನ ಗಂಡ ಸುಳ್ಳು ಹೇಳಿದನೇ ಎಂದು ಸುನೀಲನ ವಕೀಲರು ಕೇಳಿದರು.

“ಹೂಂ ಸಾರ್. ಹೆದ್ರಿ ಹೇಳುದ್ರು. ಹೆದ್ರುದ್ರೂ ಸುಳ್ಳು ಸುಳ್ಳೇಯ.”

ನಾನು ಹೊರಗೆ ಬಂದಾಗ ಪುಟ್ಟಸಿದ್ದಮ್ಮ ಎದ್ದು ನಿಂತರು.

“ಏನಂದ ನನ್ ಮಗ?”

ಹೇಳಬೇಕಾದವಳು ನಾನೇ ಆದೆ. ಸುತ್ತಿ ಬಳಸದೆ ಹೇಳಿದೆ. ಕಣ್ಣಾರೆ ನೋಡಿದೆ ಅಂದ, ಹಸು ತಿವಿದದ್ದನ್ನು.

ಅಳಲಿಲ್ಲ. ಬೆಂಚಿನ ಅಂಚು ಹಿಡಿದು ಮೆಲ್ಲಗೆ ಕೂತರು.

“ಅಂವ ಅಲ್ಲಿರ್ನಿಲ್ವಲ್ಲ ಕಣವ್ವ,” ಎಂದರು. ಅಷ್ಟೇ. ಇನ್ನೊಂದು ಸಲ, ಯಾರಿಗೂ ಅಲ್ಲದ ಹಾಗೆ, “ಇದ್ದುದ್ರ ಬುಡುಸ್ಕತಿದ್ದ.”

ಮೇ 6, ಮಂಗಳವಾರ

ಒಂದು ವಾರ ರಜೆ ಕೇಳಿದೆ. ಬದಲಿಗೆ ಯಾರೂ ಇಲ್ಲವಂತೆ. ಈ ತಿಂಗಳು ನಾಲ್ಕು ಕೇಸು. ಎಲ್ಲರ ಮುಖವೂ ಬೆರೆತುಹೋಗುತ್ತಿದೆ.

ಆಗಸ್ಟ್ 21, ಗುರುವಾರ

ತೀರ್ಪು. ಅಪರಾಧಿ ಎಂದರು. ಹತ್ತು ವರ್ಷ.

ಮೊದಲ ದಿನದ ಸ್ಯಾಂಪಲ್, ಡಾಕ್ಟರ್ ಹೇಳಿಕೆ, ರಮ್ಯಳ ಮಾತು — ಇವುಗಳ ಮೇಲೆ ನಿಂತಿತು. ಮಗನ ಸಾಕ್ಷಿಯನ್ನು ನಂಬಲರ್ಹವಲ್ಲ ಎಂದು ಬಿಟ್ಟರು. ಸುನೀಲನ ಕಡೆಯವರು ಹೈಕೋರ್ಟಿಗೆ ಹೋಗುತ್ತಾರೆ, ಗೊತ್ತಿರುವುದೇ. ಆದರೂ ಇವತ್ತು ಅವನನ್ನು ವ್ಯಾನ್ ಹತ್ತಿಸಿದರು. ಹತ್ತುವಾಗ ಒಮ್ಮೆ ಇತ್ತ ತಿರುಗಿದ. ಪುಟ್ಟಸಿದ್ದಮ್ಮ ಅವನನ್ನು ದಿಟ್ಟಿಸಿ ನೋಡಿದರು. ಅವನೇ ಮುಖ ತಿರುಗಿಸಿಕೊಂಡ.

ಶಾಂತಮಲ್ಲಮ್ಮ ಸಿಸ್ಟರಿಗೆ ಫೋನ್ ಮಾಡಿದೆ, ಕಿರುಚಿಬಿಟ್ಟರು. ಡಾಕ್ಟರ್ ಮೇಡಂ ಕೂಡ. ಎಲ್ಲರೂ ಗೆದ್ದೆವು ಗೆದ್ದೆವು ಎನ್ನುತ್ತಿದ್ದೆವು. ಪುಟ್ಟಸಿದ್ದಮ್ಮ ಮಾತ್ರ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಜನರ ನಡುವೆ ಯಾರನ್ನೋ ಹುಡುಕುತ್ತಿದ್ದರು. ಯಾರನ್ನು ಎಂದು ಕೇಳಲಿಲ್ಲ. ಮಾದೇಶ ಬಂದಿರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಪುಟ್ಟಸಿದ್ದಮ್ಮ ಊಟಕ್ಕೆ ಕರೆದಿದ್ದರು. ಬೇಡ ಎಂದುಕೊಂಡಿದ್ದೆ, ಕೆಲಸವನ್ನೂ ಮನೆಯನ್ನೂ ಬೆರೆಸಬಾರದು. ಹೋದೆ.

ಗುಂಡ್ಲುಪೇಟೆ, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿ. ಒಂದೇ ರೂಮು, ಚೊಕ್ಕಟವಾಗಿದೆ. ಮುದ್ದೆ, ಹುರುಳಿಕಾಳಿನ ಸಾರು. ಪುಟ್ಟಸಿದ್ದಮ್ಮನೇ ಮಾಡಿ ಬಡಿಸಿದರು. ಎಡಗೈಗೆ ಇನ್ನೂ ಪೂರ್ತಿ ಬಲ ಬಂದಿಲ್ಲ, ಮುದ್ದೆ ಕೋಲು ತಿರುಗಿಸಲು ರಮ್ಯ ಕೈ ಹಾಕಿದಳು. ಇಬ್ಬರೂ ಒಂದೇ ಕೋಲು ಹಿಡಿದು ತಿರುಗಿಸಿದ್ದನ್ನು ನೋಡುತ್ತ ಕೂತಿದ್ದೆ. ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು.

ಊಟವಾದ ಮೇಲೆ ಬಾಗಿಲು ತಟ್ಟಿದ ಸದ್ದು. ರಮ್ಯ ಕಿಟಕಿಯಿಂದ ನೋಡಿ ಹಿಂದೆ ಸರಿದಳು. “ಅವ್ವ, ಇವ್ರು.”

ಮಾದೇಶ. ಮಹದೇವಪ್ಪನ ಮನೆಯವರು ಓಡಿಸಿದ್ದಾರೆಂದು ಆಮೇಲೆ ತಿಳಿಯಿತು. ಸಾಕ್ಷಿಯೂ ನಿಲ್ಲಲಿಲ್ಲ, ಇನ್ನು ಇವನಿಂದ ಏನು ಉಪಯೋಗ ಎಂದರಂತೆ. ಬಾಗಿಲು ತೆಗೆದಾಗ ಕಂಡದ್ದು ಗಡ್ಡ ಬಿಟ್ಟ, ಕುಗ್ಗಿದ ಆಳು. ಕೈಯಲ್ಲೊಂದು ಬಟ್ಟೆಯ ಚೀಲ.

“ಅವ್ವ,” ಎಂದ. “ತಪ್ಪಾಯ್ತು ಕಣವ್ವ.”

ಪುಟ್ಟಸಿದ್ದಮ್ಮ ಹೊಸ್ತಿಲ ಒಳಗೆ ನಿಂತಿದ್ದರು. ಬೈಯಲಿಲ್ಲ.

“ಉಂಡಿದ್ದಯಾ?”

“ಇಲ್ಲ.”

“ಮುದ್ದ ಅದ. ಬುಡು, ಉಂಡಿಯಂತ. ಅದ್ಕ ಮುಂಚ ಒಂದ್ ಮಾತು ಹೇಳ್ಬುಡು ಮಗ. ಆವತ್ತು ಹೂವಿನ್ ಹೊಲ್ದಲ್ಲಿ ನಿಮ್ಮವ್ವಂಗ ಏನಾಯ್ತು?”

ಅವನು ಬೀದಿಯ ಆ ಕಡೆ ಈ ಕಡೆ ನೋಡಿದ. ಎದುರು ಮನೆಯ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು, ನಲ್ಲಿ ನಿಲ್ಲಿಸಿ ಇತ್ತಲೇ ಕಿವಿ ಕೊಟ್ಟಿದ್ದಳು.

“ಒಳಕ್ಕ ಬಂದು ಹೇಳ್ತೀನಿ ಅವ್ವ.”

“ಇಲ್ಲೇ ಹೇಳು. ನಾನು ಎಲ್ಲಾರ ಮುಂದೂ ಹೇಳಿವ್ನಿ. ಪೋಲೀಸ್ರ ಮುಂದ, ಡಾಕುಟ್ರ ಮುಂದ, ಆ ಲಾಯರ್ ಮುಂದ. ನನ್ನೊಟ್ಟೇಲಿ ಉಟ್ಟಂವ ನೀನು. ನಿನ್ನ ಬಾಯಲ್ಲಿ ಒಂದ್ಸಲ ಹೇಳು, ನಮ್ಮವ್ವಂಗ ಇಂಗಾಯ್ತು ಅಂತವ. ನಗೋರು ನಗ್ಲಿ.”

ಬಾಗಿಲು ಮುಚ್ಚಲಿಲ್ಲ ಅವರು. ದಾರಿಯನ್ನೂ ಬಿಡಲಿಲ್ಲ. ಮುರಿದು ಕೂಡಿದ ಕೈ ಚೌಕಟ್ಟಿನ ಮೇಲಿತ್ತು. ರಮ್ಯ ಅತ್ತೆಯ ಹಿಂದೆ ಬಂದು ನಿಂತಳು. ನಾನು ಮಗುವನ್ನು ಚಾಪೆಯ ಮೇಲೆ ಮಲಗಿಸಿ ಎದ್ದೆ. ಹೊರಟುಬಿಡಬೇಕೆಂದುಕೊಂಡೆ, ಹೋಗುವ ದಾರಿಯಲ್ಲಿ ಅವರೇ ನಿಂತಿದ್ದರು.

ಮಾದೇಶ ಚೀಲ ಕೆಳಗಿಟ್ಟ. ಎದುರು ಮನೆಯ ಕಡೆ ಇನ್ನೊಮ್ಮೆ ನೋಡಿದ. ಆಮೇಲೆ ತಾಯಿಯ ಮುಖವನ್ನು, ಕೋರ್ಟಿನಲ್ಲಿ ನೋಡದೆ ದಾಟಿಹೋದ ಆ ಮುಖವನ್ನು ನೋಡಿ,

“ನಮ್ಮವ್ವಂಗ...” ಎಂದ. ಮತ್ತೆ ಮೊದಲಿನಿಂದ, ಸ್ವಲ್ಪ ಜೋರಾಗಿ, “ನಮ್ಮವ್ವಂಗ ಆವತ್ತು ಹಸ ತಿವಿನಿಲ್ಲ. ಸುನೀಲ ಬಲಾತ್ಕಾರ ಮಾಡ್ದ,” ಎಂದ. ಪುಟ್ಟಸಿದ್ದಮ್ಮ ಚೌಕಟ್ಟಿನ ಮೇಲಿನ ಕೈ ತೆಗೆದು ದಾರಿ ಬಿಟ್ಟರು.